ಗೆರೆಯೊಳಗಿನ ಬಣ್ಣ

ಬಣ್ಣ ತುಂಬುವ ಪುಸ್ತಕವೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಆನೆ, ಗಿಳಿ, ಮಾವಿನ ಹಣ್ಣುಗಳ ದಪ್ಪ ಗೆರೆಯ ಚಿತ್ರಗಳು. ಅವುಗಳ ಮುಂದೆ ಮೇಣದ ಬಣ್ಣದ ಕಡ್ಡಿಯನ್ನು ಹಿಡಿದು ಕುಳಿತ ಮಗು. ಇಂಥ ಪುಸ್ತಕಗಳು 19ನೆಯ ಶತಮಾನದ ಕೊನೆಯ ಭಾಗದಿಂದ ಅಚ್ಚಾಗುತ್ತ ಬಂದಿವೆ. ಬಹುಕಾಲ ಅವು ಮಕ್ಕಳ ಸೊತ್ತಾಗಿಯೇ ಇದ್ದುವು. 2013ರಲ್ಲಿ ಸ್ಕಾಟ್ಲೆಂಡಿನ ಜೊಹಾನ ಬ್ಯಾಸ್‌ಫರ್ಡ್ ಎಂಬ ಚಿತ್ರಕಲಾವಿದೆ 'ಸೀಕ್ರೆಟ್ ಗಾರ್ಡನ್' ಎಂಬ ಪುಸ್ತಕವನ್ನು ಹೊರತಂದರು. ಪ್ರಕಾಶಕರು ಅವರನ್ನು ಕೇಳಿದ್ದುದು ಮಕ್ಕಳ ಪುಸ್ತಕವನ್ನು. ದೊಡ್ಡವರಿಗಾಗಿ ಒಂದನ್ನು ಮಾಡಿಕೊಡುವೆನೆಂದು ಹೇಳಿ, ಹೂಬಳ್ಳಿಗಳೂ ಎಲೆಗಳೂ ಕಿಕ್ಕಿರಿದ ಪುಟಗಳನ್ನು ಅವರು ಕೈಯಿಂದಲೇ ಶಾಯಿಯ ಲೇಖನಿಯಲ್ಲಿ ಬರೆದುಕೊಟ್ಟರು. 2015ರ ಹೊತ್ತಿಗೆ ಅದರ ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾಗಿದ್ದುವು.

ವಯಸ್ಸಿಗೆ ಬಂದವರು ಇನ್ನೊಬ್ಬರು ಎಳೆದ ಗೆರೆಗಳ ನಡುವೆ ಬಣ್ಣ ತುಂಬುತ್ತ ಗಂಟೆಗಟ್ಟಲೆ ಕೂರುವರೆಂದರೆ ಪಶ್ಚಿಮದ ಪತ್ರಿಕೆಗಳಿಗೆ ಅದೊಂದು ವಿಸ್ಮಯವಾಗಿ ಕಂಡಿತು. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಕಡೆಯ ವಾಚಕರಿಗೆ ಇದು ಅಷ್ಟೇನೂ ಹೊಸ ಸಂಗತಿಯೆನಿಸಲಾರದು. ಆ ಸೀಮೆಯಲ್ಲಿ ಅಂಗಳವನ್ನು ಸಾರಿಸಿ ಹೊಸ್ತಿಲ ಮುಂದೆ ಗೆರೆಯೆಳೆಯುವವರು ವಯಸ್ಕರೇ. ದೀಪಾವಳಿಯಂಥ ಹಬ್ಬಗಳಲ್ಲಿ ಅದರೊಳಗೆ ಬಣ್ಣದ ಪುಡಿಯನ್ನು ತುಂಬುವವರೂ ಅವರೇ. ರಂಗೋಲಿಯ ಮಾದರಿಗಳನ್ನು ಅಚ್ಚುಹಾಕಿದ ಅಗ್ಗದ ಪುಸ್ತಿಕೆಗಳು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ದೊರೆಯುತ್ತವೆ. ಎರಡು ಭಾಷೆಗಳೂ ಬೆರೆತಿರುವ ಈ ಗಡಿನಾಡಿನಲ್ಲಿ ಒಂದು ಮನೆಯವರು 'ಚುಕ್ಕಿ' ಎಂದರೆ ಪಕ್ಕದ ಮನೆಯವರು 'ಠಿಪಕೆ' ಎನ್ನುತ್ತಾರೆ. ಬೀಳುವ ಪುಡಿ ಮಾತ್ರ ಒಂದೇ.

ಆ ಪುಸ್ತಿಕೆಗಳಲ್ಲಿ ಚಿತ್ರದ ಕೆಳಗೆ ಒಂದು ಸಾಲು ಇರುತ್ತದೆ: '15 ಚುಕ್ಕಿ, ಸಂದು ಚುಕ್ಕಿ, 8ರವರೆಗೆ.' ಓದುಗರು ಇದನ್ನು ಸ್ವಲ್ಪ ಲಕ್ಷ್ಯವಿಟ್ಟು ನೋಡಬೇಕು. ನಡುವಿನ ಸಾಲಿನಲ್ಲಿ 15 ಚುಕ್ಕಿಗಳು. ಅದರ ಮೇಲೆಯೂ ಕೆಳಗೆಯೂ, ಎರಡೆರಡು ಚುಕ್ಕಿಗಳ ಸಂದಿಗೆ ಸರಿಯಾಗಿ, 14. ಹೀಗೆ ಒಂದೊಂದನ್ನೇ ಕಡಮೆಮಾಡುತ್ತ ಹೋಗಿ 8ಕ್ಕೆ ನಿಲ್ಲಬೇಕು. 14ರಿಂದ 8ರವರೆಗಿನ ಸಂಖ್ಯೆಗಳ ಮೊತ್ತ 77. ಅದರ ಎರಡರಷ್ಟು 154. ನಡುವಿನ 15ನ್ನು ಸೇರಿಸಿದರೆ 169. ಚುಕ್ಕಿಗಳನ್ನು ಸಮದೂರದಲ್ಲಿಟ್ಟಿದ್ದರೆ ಇವು ಸೇರಿ ಒಂದು ಸಮಷಟ್ಕೋನವಾಗುತ್ತದೆ. ಅದರ ಒಂದೊಂದು ಬಾಹುವಿನಲ್ಲಿಯೂ 8 ಚುಕ್ಕಿಗಳಿರುತ್ತವೆ. 169 ಸ್ಥಾನಗಳನ್ನು ನಾಲ್ಕೈದು ಪದಗಳಲ್ಲಿ ಹೇಳಿ ಮುಗಿಸುವ ಈ ಸಂಕ್ಷೇಪವು ಯಾವ ಗಣಿತಜ್ಞನನ್ನಾದರೂ ಮೆಚ್ಚಿಸತಕ್ಕದ್ದು. ಮೆಚ್ಚಿಸಿಯೂ ಇದೆ. ಮದರಾಸಿನ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೊಮನಿ ಮತ್ತು ಸಂಗಡಿಗರು ತಮಿಳುನಾಡಿನ ಕೋಲಂ ಮಾದರಿಗಳನ್ನು ವ್ಯಾಕರಣದ ಸೂತ್ರಗಳಂತೆ ಬರೆದಿಡಬಹುದೆಂದು 1974ರಲ್ಲಿ ತೋರಿಸಿದರು. ಗಣಕಯಂತ್ರಗಳ ಭಾಷೆಯನ್ನು ಕುರಿತ ಶಾಸ್ತ್ರಕ್ಕೆ ಅದೊಂದು ಸೊಗಸಾದ ನಿದರ್ಶನವಾಯಿತು.

ಬರಿಯ ಗೆರೆ ವಸ್ತುವಿನ ಭಾವನೆಯನ್ನು ಹೇಗೆ ಕೊಡುತ್ತದೆ? ನಿಜವಾದ ಎಲೆಯ ಸುತ್ತಲೂ ಕಪ್ಪು ಗೆರೆ ಇರುವುದಿಲ್ಲ. ಆದರೂ ಕಾಗದದ ಮೇಲಿನ ಬಳ್ಳಿಯನ್ನು ಕಂಡ ಕೂಡಲೆ ಬಳ್ಳಿಯೆಂದೇ ತಿಳಿಯುತ್ತೇವೆ. ಹ್ಯೂಬೆಲ್ ಮತ್ತು ವೀಸೆಲ್ ಎಂಬ ಶರೀರಶಾಸ್ತ್ರಜ್ಞರು 1959ರಲ್ಲಿ ಬೆಕ್ಕಿನ ಮಿದುಳಿನ ದೃಷ್ಟಿಭಾಗವನ್ನು ಪರೀಕ್ಷಿಸಿದಾಗ, ಅಲ್ಲಿಯ ಕೆಲವು ಜೀವಕೋಶಗಳು ಬೆಳಕಿನ ಬರಿಯ ಬಿಂದುವಿಗೆ ಅಷ್ಟಾಗಿ ಸ್ಪಂದಿಸದೆ, ಒಂದು ನಿರ್ದಿಷ್ಟ ದಿಕ್ಕಿನಲ್ಲಿರುವ ಅಂಚಿಗೆ ಅಥವಾ ಪಟ್ಟಿಗೆ ಮಾತ್ರ ಬಲವಾಗಿ ಸ್ಪಂದಿಸುವುದನ್ನು ಕಂಡರು. ನೇರವಾದ ಅಂಚಿಗೆ ಒಂದು ಬಗೆಯ ಕೋಶ, ಓರೆಯಾದುದಕ್ಕೆ ಮತ್ತೊಂದು ಬಗೆಯದು. ಈ ಸಂಶೋಧನೆಗಳಿಗಾಗಿ ಅವರಿಗೆ 1981ರಲ್ಲಿ ನೊಬೆಲ್ ಪಾರಿತೋಷಿಕದ ಪಾಲು ದೊರೆಯಿತು. ಕಣ್ಣಿಗೆ ಬಿದ್ದ ದೃಶ್ಯದಲ್ಲಿ ಮಿದುಳು ಮೊದಮೊದಲು ಹುಡುಕುವವುಗಳಲ್ಲಿ ಅಂಚೂ ಒಂದಾಗಿರುವುದರಿಂದ, ಅಂಚನ್ನಷ್ಟೇ ಬರೆದುಕೊಟ್ಟರೂ ಅದಕ್ಕೆ ಬಹಳಮಟ್ಟಿಗೆ ಸಾಕಾಗುತ್ತದೆ.

ಬಣ್ಣ ತುಂಬುವ ಪುಟವನ್ನು ರಚಿಸುವ ಕಲಾವಿದನ ಕೆಲಸ ಇತರ ಚಿತ್ರಕಾರರ ಕೆಲಸಕ್ಕಿಂತ ಭಿನ್ನವಾದದ್ದು. ಸಾಧಾರಣ ಚಿತ್ರದಲ್ಲಿ ಗೆರೆ ಅಲ್ಲಲ್ಲಿ ತುಂಡಾಗಿ ಮಾಯವಾದರೆ ಸೊಗಸು. ಇಲ್ಲಿ ಅದು ದೋಷ. ಪ್ರತಿಯೊಂದು ಕೋಣೆಯೂ ಮುಚ್ಚಿರಬೇಕು. ಇಲ್ಲವಾದರೆ ಒಂದರ ಬಣ್ಣ ಎಲ್ಲಿ ಮುಗಿಯಿತು, ಇನ್ನೊಂದರದು ಎಲ್ಲಿ ಮೊದಲಾಯಿತು ಎಂಬುದು ತುಂಬುವವನಿಗೆ ತಿಳಿಯದು. ನೆರಳನ್ನು ಬರೆಯುವಂತಿಲ್ಲ, ಏಕೆಂದರೆ ನೆರಳು ಬಣ್ಣ ತುಂಬುವವನ ಪಾಲಿನದು. ಕೋಣೆಗಳೆಲ್ಲ ಒಂದೇ ಅಳತೆಯವಾದರೆ ಬೇಸರ. ತೀರ ಕಿರಿದಾದರೆ ಪೆನ್ಸಿಲಿನ ಮೊನೆ ಒಳಹೋಗದು. ತೆಳುವಾದ ಅಥವಾ ನೀರನ್ನು ಬೇಗ ಹೀರುವ ಕಾಗದವೂ ಆಗದು. ಶಾಯಿಯು ಕಾಗದದ ನಾರುಗಳ ನಡುವಿನ ಸೂಕ್ಷ್ಮ ಸಂದುಗಳಲ್ಲಿ ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ಹರಿದು, ಕೇಶಾಕರ್ಷಣೆಯ ಬಲದಿಂದ ಗೆರೆಯನ್ನು ದಾಟಿಬಿಡುತ್ತದೆ. ಮೇಣ ಬೆರೆತ ಬಣ್ಣದ ಪೆನ್ಸಿಲಿಗೆ ಆ ಭಯವಿಲ್ಲ. ಅದರ ಬಣ್ಣ ಕಾಗದದ ಮೇಲಿನ ಉಬ್ಬುತಗ್ಗುಗಳಿಗೆ ಉಜ್ಜಿ ಅಂಟಿಕೊಳ್ಳತಕ್ಕದ್ದು.

ಒಂದು ಪುಟದಲ್ಲಿ ಎಷ್ಟು ಕೋಣೆಗಳಾಗುವುವೆಂದು ಕಲಾವಿದ ಮೊದಲೇ ತಿಳಿಯಬಹುದೆ? ಗೆರೆಯನ್ನು ಎತ್ತದೆ, ತನ್ನನ್ನೇ ತಾನು ದಾಟಿಕೊಳ್ಳುತ್ತ ಹೋಗಿ, ಹೊರಟ ಬಿಂದುವಿಗೇ ಬಂದು ಸೇರುವ ಎಳೆಯ ರಂಗೋಲಿಯನ್ನು ತೆಗೆದುಕೊಳ್ಳೋಣ. ಪ್ರತಿ ದಾಟಿನಲ್ಲಿಯೂ ಎರಡೇ ಎಳೆಗಳು ಕೂಡಲಿ. ಆಗ ದಾಟುಗಳ ಸಂಖ್ಯೆಗೆ ಒಂದನ್ನು ಕೂಡಿಸಿದರೆ ಒಳಗಿನ ಕೋಣೆಗಳ ಸಂಖ್ಯೆ ಸಿಗುತ್ತದೆ. ಇಂಗ್ಲಿಷಿನ ಎಂಟರ ಅಂಕೆಯಲ್ಲಿ ದಾಟು ಒಂದು, ಕೋಣೆ ಎರಡು. ಇದು 18ನೆಯ ಶತಮಾನದ ಗಣಿತಜ್ಞ ಆಯ್ಲರನ ಪ್ರಸಿದ್ಧ ಸೂತ್ರದ ಒಂದು ಫಲ. ಬಿಂದುಗಳಿಂದ ಅಂಚುಗಳನ್ನು ಕಳೆದು ಕೋಣೆಗಳನ್ನು ಕೂಡಿಸಿದರೆ, ಹೊರಗಿನ ಬಯಲನ್ನೂ ಒಂದು ಕೋಣೆಯೆಂದು ಎಣಿಸಿದಲ್ಲಿ, 2 ಬರುತ್ತದೆ. ಪ್ರತಿ ದಾಟಿನಿಂದ ನಾಲ್ಕು ತುಂಡುಗಳು ಹೊರಡುವುದರಿಂದಲೂ, ಒಂದೊಂದು ತುಂಡಿಗೂ ಎರಡು ಕೊನೆಗಳಿರುವುದರಿಂದಲೂ, ಅಂಚುಗಳು ದಾಟುಗಳ ಎರಡರಷ್ಟಾಗುತ್ತವೆ. ಉಳಿದ ಲೆಕ್ಕವನ್ನು ವಿದ್ಯಾರ್ಥಿಗಳೇ ಮಾಡಬಲ್ಲರು.

ಇದಕ್ಕಿಂತಲೂ ಚೆಲುವಾದ ಗುಣವೊಂದು ಅದೇ ಗೆರೆಯಲ್ಲಿದೆ. ಅದು ಎಷ್ಟೇ ಸಿಕ್ಕಾಗಿದ್ದರೂ ಎರಡೇ ಬಣ್ಣಗಳಿಂದ, ಒಂದೇ ಬಣ್ಣದ ಎರಡು ಕೋಣೆಗಳು ಅಂಚಿನಲ್ಲಿ ತಾಗದಂತೆ, ಪೂರ್ತಿಯಾಗಿ ತುಂಬಬಹುದು. ಯಾವುದಾದರೊಂದು ಕೋಣೆಯಿಂದ ದಾಟುಗಳನ್ನು ತಪ್ಪಿಸಿಕೊಂಡು ಹೊರಗಿನ ಬಯಲಿಗೆ ನಡೆದುಹೋಗುವುದಾಗಿ ಊಹಿಸಿಕೊಳ್ಳಿ. ಎಷ್ಟು ಸಲ ಗೆರೆಯನ್ನು ತುಳಿದಿರೆಂದು ಎಣಿಸಿ. ಬೇರೆ ದಾರಿಯಲ್ಲಿ ಹೋದರೆ ಎಣಿಕೆ ಬದಲಾಗಬಹುದು, ಸಮಸಂಖ್ಯೆ ಬೆಸಸಂಖ್ಯೆಯಾಗದು. ಸಮ ಬಂದ ಕೋಣೆಗೆ ಹಳದಿ, ಬೆಸ ಬಂದುದಕ್ಕೆ ಕೆಂಪು. ನೆರೆಯ ಎರಡು ಕೋಣೆಗಳ ನಡುವೆ ಒಂದು ಗೆರೆ ಇರುವುದರಿಂದ ಒಂದು ಸಮವಾದರೆ ಇನ್ನೊಂದು ಬೆಸವಾಗಲೇಬೇಕು.

ಗೆರೆಗಳು ಒಂದನ್ನೊಂದು ದಾಟದೆ ಮೂರು ಮೂರಾಗಿ ಕೂಡಿ ನಿಂತಲ್ಲಿ, ಅಂದರೆ ಭೂಪಟದಲ್ಲಿ, ಎರಡು ಬಣ್ಣ ಸಾಲದು. 2018ರಲ್ಲಿ ಚಿಕ್ಕೋಡಿಯಿಂದ ನಿಪ್ಪಾಣಿಯೂ ಅಥಣಿಯಿಂದ ಕಾಗವಾಡವೂ ಬೇರೆಯಾಗಿ ಹೊಸ ತಾಲ್ಲೂಕುಗಳಾದುವು. ಕಾಗವಾಡವು ಅಥಣಿಗೆ ತಾಗಿದೆ. ಕೃಷ್ಣೆಯ ಒಂದು ದಡದಲ್ಲಿ ಕಾಗವಾಡದ ಉಗಾರ, ಎದುರು ದಡದಲ್ಲಿ ರಾಯಬಾಗದ ಕುಡಚಿ. ರಾಯಬಾಗ ಅಥಣಿಗಳೂ ನೆರೆಯವು. ಮೂರೂ ಪರಸ್ಪರ ನೆರೆಯಾದುದರಿಂದ ಮೂರು ಬಣ್ಣಗಳಂತೂ ಬೇಕೇ ಬೇಕು. ಉಳಿದೆರಡು ತಾಲ್ಲೂಕುಗಳಿಗಾಗಿ ನಾಲ್ಕನೆಯ ಬಣ್ಣವನ್ನು ತೆರೆಯಬೇಕೆ ಎಂಬುದನ್ನು ನಕ್ಷೆಯನ್ನು ಮುಂದಿಟ್ಟುಕೊಂಡು ನೋಡಿರಿ. ಐದನೆಯದು ಬೇಡವೆಂಬುದು ಮಾತ್ರ ನಿಶ್ಚಯ. ಈ ಪ್ರಶ್ನೆಯನ್ನು ಮೊದಲು ಎತ್ತಿದವನು ಫ್ರಾನ್ಸಿಸ್ ಗಥ್ರಿ. 1852ರಲ್ಲಿ ಇಂಗ್ಲೆಂಡಿನ ಕೌಂಟಿಗಳ ಪಟಕ್ಕೆ ಬಣ್ಣ ಹಾಕುತ್ತಿದ್ದಾಗ ನಾಲ್ಕೇ ಸಾಕಾದುದನ್ನು ಅವನು ಕಂಡನು. 1879ರಲ್ಲಿ ಕೆಂಪ್ ಎಂಬುವನು ಕೊಟ್ಟ ಸಾಧನೆ ಹನ್ನೊಂದು ವರ್ಷ ಸರಿಯೆಂದು ನಡೆದು, 1890ರಲ್ಲಿ ಹೀವುಡ್ ತೋರಿಸಿದ ದೋಷದಿಂದ ಬಿದ್ದುಹೋಯಿತು. ಕೊನೆಗೆ 1976ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದ ಆಪೆಲ್ ಮತ್ತು ಹಾಕೆನ್, ಗಣಕಯಂತ್ರವನ್ನು ಸಾವಿರಕ್ಕೂ ಮೀರಿದ ಗಂಟೆಗಳ ಕಾಲ ದುಡಿಸಿ, ನಾಲ್ಕು ಬಣ್ಣಗಳು ಸಾಕೆಂದು ಸಿದ್ಧಪಡಿಸಿದರು.

ಎಷ್ಟು ಬಣ್ಣ ಎಂಬುದು ಗಣಿತ. ಯಾವ ಬಣ್ಣದ ಪಕ್ಕದಲ್ಲಿ ಯಾವುದು ಎಂಬುದು ಬೇರೆಯೇ ಶಾಸ್ತ್ರ. ಪ್ಯಾರಿಸಿನ ಗೊಬಲ್ಯಾಂ ನೇಯ್ಗೆಯ ಕಾರ್ಖಾನೆಯಲ್ಲಿ ಬಣ್ಣಗಾರಿಕೆಯ ಮುಖ್ಯಸ್ಥನಾಗಿದ್ದ ರಸಾಯನಶಾಸ್ತ್ರಜ್ಞ ಷೆವ್ರಲ್‌ನ ಬಳಿಗೆ ಒಂದು ದೂರು ಬಂದಿತು. ನೀಲಿ, ನೇರಳೆಗಳ ನೆರಳಿಗಾಗಿ ಬಳಸುವ ಕಪ್ಪು ನೂಲಿನಲ್ಲಿ ಕಸುವಿಲ್ಲವೆಂಬುದು ಆ ದೂರು. ಅವನು ಇತರ ಕಾರ್ಖಾನೆಗಳ ಕಪ್ಪಿನೊಡನೆ ಹೋಲಿಸಿ ನೋಡಿದನು. ನೂಲಿನಲ್ಲಿ ಕೊರತೆಯೇ ಇರಲಿಲ್ಲ. ಪಕ್ಕದಲ್ಲಿದ್ದ ನೀಲಿಯೇ ಕಪ್ಪನ್ನು ಮಂಕುಮಾಡಿದ್ದಿತು. 1839ರಲ್ಲಿ ಅವನು ಪ್ರಕಟಿಸಿದ ದೊಡ್ಡ ಗ್ರಂಥ ಈ ದೂರಿನಿಂದ ಹುಟ್ಟಿದ್ದು. ಒಂದೇ ಬೂದು ಕಾಗದದಿಂದ ಎರಡು ಚೌಕಗಳನ್ನು ಕತ್ತರಿಸಿ, ಒಂದನ್ನು ಕಡುಗೆಂಪಿನ ಮೇಲೂ ಇನ್ನೊಂದನ್ನು ಹಸುರಿನ ಮೇಲೂ ಇಟ್ಟು ನೋಡಿದರೆ ಯಾರಿಗಾದರೂ ಇದು ತಿಳಿಯುತ್ತದೆ: ಮೊದಲನೆಯದು ಹಸುರಿನ ಕಡೆಗೂ ಎರಡನೆಯದು ಕೆಂಪಿನ ಕಡೆಗೂ ವಾಲಿದಂತೆ ತೋರುವುವು. ನಡುವೆ ದಪ್ಪ ಕಪ್ಪು ಗೆರೆಯನ್ನೆಳೆದರೆ ಈ ಭ್ರಮೆ ಬಹುಮಟ್ಟಿಗೆ ತಗ್ಗುತ್ತದೆ. ಅಂಗಡಿಯಿಂದ ತಂದ ಹನ್ನೆರಡು ಪೆನ್ಸಿಲುಗಳನ್ನು ಹೇಗೆ ಹಚ್ಚಿದರೂ ಪುಟ ತೀರ ವಿಕಾರವಾಗಿ ಕಾಣದಿರುವುದಕ್ಕೆ ಕಲಾವಿದನ ಕಪ್ಪು ಗೆರೆಯೂ ಒಂದು ಕಾರಣ.

ಈ ಕೆಲಸದಿಂದ ಮನಸ್ಸಿಗೆ ಶಾಂತಿ ದೊರೆಯುವುದೆಂದು ಪ್ರಕಾಶಕರು ಹೊದಿಕೆಯ ಮೇಲೆಯೇ ಅಚ್ಚುಹಾಕುತ್ತಾರೆ. ವ್ಯಾಪಾರದ ಮಾತನ್ನು ಹಾಗೆಯೇ ನಂಬಬೇಕಾಗಿಲ್ಲ. ಆದರೆ ಇದನ್ನು ಪರೀಕ್ಷಿಸಿದವರುಂಟು. 2005ರಲ್ಲಿ ಕರಿ ಮತ್ತು ಕ್ಯಾಸರ್ ಎಂಬುವರು ಅಮೆರಿಕದಲ್ಲಿ 84 ಕಾಲೇಜು ವಿದ್ಯಾರ್ಥಿಗಳನ್ನು ತೆಗೆದುಕೊಂಡು, ತಮ್ಮನ್ನು ಹೆದರಿಸಿದ ಒಂದು ಘಟನೆಯನ್ನು ಬರೆಯುವಂತೆ ಹೇಳಿ ಮೊದಲು ಅವರ ಕಳವಳವನ್ನು ಹೆಚ್ಚಿಸಿದರು. ಬಳಿಕ ಕೆಲವರಿಗೆ ಮಂಡಲಾಕಾರದ ಗೆರೆಚಿತ್ರ, ಕೆಲವರಿಗೆ ಚೌಕುಳಿ ಮಾದರಿ, ಇನ್ನು ಕೆಲವರಿಗೆ ಬರಿಯ ಬಿಳಿ ಹಾಳೆಯನ್ನು ಕೊಟ್ಟು ಇಪ್ಪತ್ತು ನಿಮಿಷ ಬಣ್ಣ ಹಚ್ಚಿಸಿದರು. ಮೊದಲೆರಡು ಗುಂಪುಗಳಲ್ಲಿ ಕಳವಳ ಹೆಚ್ಚಾಗಿ ಇಳಿಯಿತು. ಬಿಳಿ ಹಾಳೆಯವರಲ್ಲಿ ಹಾಗಾಗಲಿಲ್ಲ. ಏನನ್ನು ಬರೆಯಬೇಕೆಂಬ ಚಿಂತೆಯೂ ಒಂದು ಹೊರೆಯೇ. ಗೆರೆ ಆ ಹೊರೆಯನ್ನು ಇಳಿಸಿ, ಕೈಗೂ ಕಣ್ಣಿಗೂ ಮಿತವಾದ ಕೆಲಸವನ್ನು ಕೊಡುತ್ತದೆಂದು ಇದನ್ನು ಅರ್ಥಮಾಡಬಹುದು.

ಇನ್ನೊಂದು ಪರೀಕ್ಷೆ ಇದಕ್ಕೆ ಸೇರಬೇಕಾದದ್ದು. 2017ರಲ್ಲಿ ಗಿರಿಜಾ ಕೈಮಲ್ ಮತ್ತು ಸಂಗಡಿಗರು, ಬಣ್ಣ ತುಂಬುವುದನ್ನೂ, ಕಲಾಚಿಕಿತ್ಸಕರ ನೆರವಿನಿಂದ ತಮಗೆ ತೋಚಿದುದನ್ನು ರಚಿಸುವುದನ್ನೂ ಹೋಲಿಸಿ ನೋಡಿದರು. ಮನಸ್ಸಿನ ಒತ್ತಡ ಎರಡರಿಂದಲೂ ತಗ್ಗಿತು. ಆದರೆ ಉಲ್ಲಾಸ, ತಾನು ಏನನ್ನಾದರೂ ಮಾಡಬಲ್ಲೆನೆಂಬ ಭರವಸೆ, ಇವು ಬೆಳೆದುದು ತಾವೇ ರಚಿಸಿದವರಲ್ಲಿ. ಹಾಗಾದರೆ ಬಣ್ಣ ತುಂಬುವುದು ಬೇಗನೆ ನೋವಿಳಿಸುವ ಲೇಪದಂಥದು. ಗೆರೆಯನ್ನು ತಾನೇ ಎಳೆಯುವುದು ಅಂಗಸಾಧನೆಯಂಥದು. ಪರೀಕ್ಷೆಯ ಹಿಂದಿನ ದಿನ ಎದೆ ಡವಗುಟ್ಟುತ್ತಿರುವ ವಿದ್ಯಾರ್ಥಿಗೆ ಮೊದಲನೆಯದನ್ನು ಬೇಡವೆನ್ನಲಾರೆ. ರಜೆಯ ದಿನಗಳಿಗೆ ಎರಡನೆಯದೇ ಮೇಲೆಂದು ನನ್ನ ಎಣಿಕೆ. ಅಂಗಳದಲ್ಲಿ ಚುಕ್ಕಿಯಿಟ್ಟು ಗೆರೆಯೆಳೆದು ಬಣ್ಣವನ್ನೂ ತುಂಬುವ ಗೃಹಿಣಿಗೆ ಎರಡೂ ಒಟ್ಟಿಗೆ ಸಿಕ್ಕುತ್ತವೆ. ಪುಸ್ತಿಕೆಯನ್ನು ನೋಡಿ ನಕಲುಮಾಡುವಾಗಲೂ ಆಕೆ ಒಂದು ದಳವನ್ನು ಹೆಚ್ಚಿಸುತ್ತಾಳೆ, ಒಂದು ಹಕ್ಕಿಯನ್ನು ಬಿಡುತ್ತಾಳೆ.

ಮಹಾರಾಷ್ಟ್ರದಿಂದ ಈ ಕಡೆಗೂ ಹರಡಿದ, 'ಸಂಸ್ಕಾರ ಭಾರತಿ' ಎಂಬ ಹೆಸರಿನಿಂದ ಕರೆಯುವ ರಂಗೋಲಿಯಲ್ಲಿ ಈ ಕ್ರಮವೇ ತಲೆಕೆಳಗು. ಮೊದಲು ಬಣ್ಣದ ಪುಡಿಯನ್ನು ನೆಲದ ಮೇಲೆ ಅಗಲವಾಗಿ ಹರಡುತ್ತಾರೆ. ಗೆರೆ ಕೊನೆಗೆ, ಬೆರಳುಗಳ ಸಂದಿನಿಂದ ಸುರಿಯುವ ಬಿಳಿಯ ಪುಡಿಯಲ್ಲಿ, ಬಣ್ಣದ ಮೇಲೆ ಬೀಳುತ್ತದೆ. ಅಲ್ಲಿ ಗೆರೆ ಬೇಲಿಯಲ್ಲ, ಒಡವೆ.

ಕಾಗದದ ಮೇಲೆ ಪ್ರಯೋಗ ಮಾಡಬಯಸುವವರು ಎತ್ತದ ಗೆರೆಯಲ್ಲಿ ಹನ್ನೆರಡು ದಾಟುಗಳುಳ್ಳ ಒಂದು ಸಿಕ್ಕನ್ನು ಬರೆದು ಕೋಣೆಗಳನ್ನು ಎಣಿಸಲಿ. ಹದಿಮೂರಕ್ಕಿಂತ ಹೆಚ್ಚು ಬಂದರೆ ಎಲ್ಲಿಯೋ ಮೂರು ಎಳೆಗಳು ಒಂದೇ ಬಿಂದುವಿನಲ್ಲಿ ದಾಟಿರಬೇಕು. ಆಗಲೂ ಬಣ್ಣ ಎರಡೇ ಸಾಕು.