ಎಂಜಿನ್ನಿನ ಬೀಗರು

ಮುಂಬಯಿಯ ಮೋಟಾರು ವಾಹನಗಳ ಚರಿತ್ರೆಯನ್ನು ಮುಂದೊಂದು ದಿನ ಯಾರಾದರೂ ಬರೆಯುವುದಾದರೆ, ಜಪಾನೀ ಎಂಜಿನ್ನುಗಳ ಆಗಮನಕ್ಕೆ ಅದರಲ್ಲಿ ಒಂದು ಪ್ರತ್ಯೇಕ ಅಧ್ಯಾಯವನ್ನೇ ಮೀಸಲಿಡಬೇಕಾದೀತು. ಇಟಲಿಯ ಫಿಯಟ್ 1100ನ್ನು ಕುರ್ಲಾದ ಕಾರ್ಖಾನೆಯಲ್ಲಿ ದಶಕಗಳ ಕಾಲ ತಯಾರಿಸಿದ ಪ್ರೀಮಿಯರ್ ಆಟೋಮೊಬೈಲ್ಸ್ ಸಂಸ್ಥೆಯು 1985ರಲ್ಲಿ ಹೊರತಂದ 118ಎನ್‌ಇ ಕಾರಿನ ಮೈಕಟ್ಟು ಫಿಯಟ್ 124ರ ವಂಶದ್ದಾಗಿದ್ದರೂ, ಬಾನೆಟ್ಟನ್ನು ಎತ್ತಿದರೆ ಕಾಣಿಸುತ್ತಿದ್ದುದು ನಿಸಾನ್ ಸಂಸ್ಥೆಯ ಎ12 ಎಂಬ 1171 ಸಿ.ಸಿ.ಯ ಎಂಜಿನ್ನು, ಜಪಾನಿನ ಫುಜಿ ಪಂದ್ಯಪಥದಲ್ಲಿ ಪುಟ್ಟ ಡಾಟ್ಸನ್ ಸನ್ನಿಗಳು ಕೀರ್ತಿಯನ್ನು ಸಂಪಾದಿಸಿದ್ದು ಇದೇ ಎಂಜಿನ್ನಿನ ಬಲದಿಂದ. ಇದನ್ನು ಬಲ್ಲ ರಸಿಕರು ಗುಜರಿಯಿಂದ ಆ ಎಂಜಿನ್ನನ್ನು ತಂದು ಫಿಯಟ್ 1100ರ ವಂಶದ ತಮ್ಮ ಪದ್ಮಿನಿಗಳಿಗೆ ಕೂರಿಸಿಕೊಂಡು, ಸ್ಟೇರಿಂಗಿನ ಬುಡದಲ್ಲಿದ್ದ ಗೇರನ್ನು ನೆಲಕ್ಕಿಳಿಸಿಕೊಂಡು, ಘಾಟ್‌ಕೋಪರಿನಿಂದ ಠಾಣೆಯವರೆಗೆ ಹೆಮ್ಮೆಯಿಂದ ಓಡಾಡುತ್ತಿದ್ದುದನ್ನು ತಾರುಣ್ಯದಲ್ಲಿ ನಾನು ಅಸೂಯೆಯಿಂದ ನೋಡಿದವನು. ಆದಕಾರಣ ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಸ್ವಂತ ಕಾರಿನ ಯೋಗವು ಒದಗಿಬಂದಾಗ ನನ್ನ ಮನಸ್ಸು ಜಪಾನಿನತ್ತ ವಾಲಿದ್ದು ಸಹಜವೇ ಆಗಿತ್ತು.

ನಾನು ಕೊಂಡದ್ದು ಮಿತ್ಸುಬಿಶಿ ಲ್ಯಾನ್ಸರ್. ಚೆನ್ನೈ ಸಮೀಪದ ತಿರುವಳ್ಳೂರಿನಲ್ಲಿ ಹಿಂದುಸ್ತಾನ್ ಮೋಟರ್ಸ್ ಸಂಸ್ಥೆಯು 1998ರಿಂದ ತಯಾರಿಸುತ್ತಿದ್ದ ಈ ಕಾರು ಕಾಗದದ ಮೇಲೆ ಒಂದು ಸಂಸಾರವಂದಿಗನ ವಾಹನವೇ ಹೊರತು ಪಂದ್ಯದ ಕಾರಲ್ಲ. ಆದರೆ ಫಿನ್‌ಲೆಂಡಿನ ಟಾಮಿ ಮ್ಯಾಕಿನೆನ್ 1996ರಿಂದ 1999ರವರೆಗೆ ಸತತವಾಗಿ ನಾಲ್ಕು ಸಲ ವಿಶ್ವ ರ್‍ಯಾಲಿಯ ಚಾಂಪಿಯನ್ ಪದವಿಯನ್ನು ಗೆದ್ದುದು ಲ್ಯಾನ್ಸರ್ ಇವಲ್ಯೂಷನ್ನಿನಲ್ಲಿ. ಅದರ ನಾಲ್ಕು, ಐದು, ಆರನೆಯ ಅವತಾರಗಳಿಗೂ ನಮ್ಮ ಕಾರಿಗೂ ಮೈಕಟ್ಟು ಒಂದೇ. ಇವಲ್ಯೂಷನ್ನಿನ 1997 ಸಿ.ಸಿ.ಯ ಟರ್ಬೊ ಎಂಜಿನ್ನು 280 ಅಶ್ವಶಕ್ತಿಯನ್ನು ಕೊಡುತ್ತಿದ್ದರೆ, ನಮ್ಮ 1468 ಸಿ.ಸಿ.ಯ ಎಂಜಿನ್ನು ತೊಂಬತ್ತನ್ನೂ ಮುಟ್ಟುತ್ತಿರಲಿಲ್ಲ. ಈ ಎರಡು ಸಂಖ್ಯೆಗಳ ನಡುವಿನ ಅಂತರದಲ್ಲಿ ಎಷ್ಟೋ ತರುಣರ ಉಳಿತಾಯವು ಕರಗಿಹೋದುದನ್ನು ನಾನು ಬಲ್ಲೆ.

ನನ್ನನ್ನು ಎಂಜಿನ್ ಬದಲಾವಣೆಯ ವ್ಯವಹಾರಕ್ಕೆ ಇಳಿಸಿದ್ದು ವೇಗದ ಮೋಹವಲ್ಲ, ಮಳೆ. 2005ರ ಜುಲೈ 26ರಂದು ಸಾಂತಾಕ್ರೂಜ಼ಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಸುರಿದು ಮೀಠಿ ನದಿಯು ಊರೊಳಗೆ ನುಗ್ಗಿದಾಗ, ಕುರ್ಲಾದ ಎಲ್.ಬಿ.ಎಸ್. ಮಾರ್ಗದಲ್ಲಿ ಮುಂದೆಯೂ ಹಿಂದೆಯೂ ವಾಹನಗಳ ನಡುವೆ ಸಿಲುಕಿದ್ದ ನನ್ನ ಕಾರು, ಬಂಪರಿನ ಹಿಂಬದಿಯ ಗಾಳಿಕೊಳವೆಯಿಂದ ನೀರನ್ನು ಹೀರಿಕೊಂಡು ಒಂದೇ ಪೆಟ್ಟಿಗೆ ನಿಂತುಹೋಯಿತು. ಸಿಲಿಂಡರಿನೊಳಗಿನ ಗಾಳಿಯನ್ನು ಪಿಸ್ಟನ್ ಹತ್ತರಲ್ಲೊಂದು ಪಾಲಿಗೆ ಅದುಮಬಲ್ಲುದು, ನೀರನ್ನು ಅದುಮಲಾರದು. ಆ ಕ್ಷಣದಲ್ಲಿ ಬಾಗಬೇಕಾದುದು ಪಿಸ್ಟನ್ನನ್ನು ಎತ್ತುವ ಕನೆಕ್ಟಿಂಗ್ ರಾಡ್. ಅದು ಬಾಗಿತು, ಬಾಗಿ ಬ್ಲಾಕನ್ನೂ ಸೀಳಿತು. ವಿಮೆಯವರು ನೆರೆಯಿಂದಾದ ನಷ್ಟವನ್ನು ಭರಿಸಲು ಒಪ್ಪಿದರು. ಆದರೆ ಎಂಜಿನ್ನಿನ ಒಳಭಾಗದ ಹಾನಿಯು ನೆರೆಯಿಂದಾದುದಲ್ಲ, ನೆರೆಯಲ್ಲಿ ಓಡಿಸಿದುದರಿಂದಾದುದು ಎಂಬ ಸೂಕ್ಷ್ಮ ತರ್ಕವನ್ನು ಮುಂದಿಟ್ಟರು. ನ್ಯಾಯಶಾಸ್ತ್ರದ ಪಂಡಿತರೂ ತಲೆದೂಗಬಹುದಾದ ಆ ಭೇದವು ನನಗೆ ಬಹಳ ದುಬಾರಿಯಾಯಿತು. ಇಂದು ಎಂಜಿನ್ನಿಗೆಂದೇ ಪ್ರತ್ಯೇಕ ಹೆಚ್ಚುವರಿ ರಕ್ಷಣೆಯು ದೊರೆಯುತ್ತದೆ. ಈ ಊರಿನಲ್ಲಿ ಕಾರಿಟ್ಟುಕೊಂಡವರು ಆ ಕಂತನ್ನು ತಪ್ಪಿಸಬಾರದು.

ಕುರ್ಲಾ ಪಶ್ಚಿಮದ ಸಿ.ಎಸ್.ಟಿ. ರಸ್ತೆಯ ಗುಜರಿ ಅಂಗಡಿಗಳಲ್ಲಿ ಸಿಗದ ಬಿಡಿಭಾಗವಿಲ್ಲವೆಂಬುದು ಲೋಕವಿದಿತ. ಬದಲಿ ಎಂಜಿನ್ನಿಗಾಗಿ ಅಲ್ಲಿಗೆ ನನ್ನನ್ನು ಕರೆದೊಯ್ದವರು ಬೀದರಿನ ಕಡೆಯಿಂದ ಬಂದು ಚೆಂಬೂರಿನಲ್ಲಿ ಗ್ಯಾರೇಜ್ ಇಟ್ಟಿದ್ದ ಒಬ್ಬ ಉಸ್ತಾದರು. ಅಂಗಡಿಯವನು ತೋರಿಸಿದ, ಸೀಮೆಎಣ್ಣೆಯಲ್ಲಿ ತೊಳೆದು ಥಳಥಳಿಸುತ್ತಿದ್ದ ಎಂಜಿನ್ನನ್ನು ನಾನು ಮೆಚ್ಚುಗೆಯಿಂದ ನೋಡುತ್ತಿದ್ದರೆ, ಅವರು ಅದರ ಹೊರಮೈಯತ್ತ ಕಣ್ಣೂ ಹಾಯಿಸದೆ ಆಯಿಲ್ ತುಂಬುವ ಬಾಯಿಯ ಮುಚ್ಚಳವನ್ನು ತಿರುಗಿಸಿ ತೆಗೆದು, ಒಳಗಡೆ ಬೆರಳಾಡಿಸಿ, ಬೆರಳಿಗೆ ಹತ್ತಿದ ಬೆಳ್ಳನೆಯ ಮಡ್ಡಿಯನ್ನು ನನ್ನ ಮೂಗಿನ ಮುಂದೆ ಹಿಡಿದು, "ಇದೂ ಅವತ್ತ ಮುಳುಗಿದ್ದೇ ರೀ ಸಾಹೇಬ್ರ" ಎಂದರು. ನೀರು ಬೆರೆತ ಆಯಿಲ್ ಆ ಬಣ್ಣಕ್ಕೆ ತಿರುಗುತ್ತದೆ. ಆ ವರ್ಷದ ನೆರೆಯ ಅನಂತರ ಪೇಟೆಗೆ ಬಂದ ಎಂಜಿನ್ನುಗಳಲ್ಲಿ ಅನೇಕವು ನನ್ನದರಂತೆಯೇ ನೀರು ಕುಡಿದವಾಗಿದ್ದುವು. ಕಡೆಗೆ ಅವರು ಆರಿಸಿದ್ದು ಧೂಳು ಹಿಡಿದು ಮೂಲೆಯಲ್ಲಿ ಬಿದ್ದಿದ್ದ, ಹಿಂದಿನಿಂದ ಗುದ್ದಿಸಿಕೊಂಡ ಕಾರೊಂದರಿಂದ ಬಿಚ್ಚಿದ ಎಂಜಿನ್ನನ್ನು. ಅದೂ ನಾಲ್ಕು ಸಿಲಿಂಡರುಗಳಲ್ಲಿ ಒತ್ತಡವನ್ನು ಅಳೆದು, ಅಂಕಿಗಳು ಪರಸ್ಪರ ಸಮೀಪವಾಗಿರುವುವೆಂದು ಖಚಿತಪಡಿಸಿಕೊಂಡ ಮೇಲೆ.

ಬೆಲೆಯನ್ನು ಕೇಳಿ ನಾನು ಹಿಗ್ಗಿದೆ. ಅದನ್ನು ಗಮನಿಸಿದ ಉಸ್ತಾದರು, "ಇಂಜನ್ನು ಅಗ್ಗದ ರೀ ಸಾಹೇಬ್ರ, ಅದರ ಬೀಗರು ತುಟ್ಟಿ" ಎಂದರು. ಆ ಮಾತಿನ ತಥ್ಯವು ಮುಂದಿನ ದಿನಗಳಲ್ಲಿ ಪುಟಪುಟವಾಗಿ ಬಿಚ್ಚಿಕೊಂಡಿತು. ಹೊಸ ಎಂಜಿನ್ನು ಒಂಟಿಯಾಗಿ ಮನೆ ಸೇರುವುದಿಲ್ಲ: ಅದನ್ನು ಹೊರುವ ರಬ್ಬರಿನ ಮೌಂಟಿಂಗುಗಳು, ಕ್ಲಚ್ಚು, ವಾಟರ್ ಪಂಪು, ಟೈಮಿಂಗ್ ಬೆಲ್ಟು, ರೇಡಿಯೇಟರಿನ ಕೊಳವೆಗಳು ಮೊದಲಾದುವೆಲ್ಲ ಒಂದೊಂದಾಗಿ ಬಂದು ತಮ್ಮ ಮರ್ಯಾದೆಯನ್ನು ಕೇಳಿ ಪಡೆದುವು. ಎಲ್ಲಕ್ಕಿಂತ ಹೆಚ್ಚಿನ ಮುನಿಸು ವೈರಿಂಗಿನದು. ನೋಡಲು ಒಂದೇ ತೆರನಾದ ಎರಡು ಎಂಜಿನ್ನುಗಳ ಸೆನ್ಸರುಗಳ ಕನೆಕ್ಟರುಗಳಲ್ಲಿ ಸಣ್ಣ ವ್ಯತ್ಯಾಸವಿದ್ದು, ಪೆಟ್ರೋಲಿನ ಪ್ರಮಾಣವನ್ನು ನಿರ್ಣಯಿಸುವ ಇಸಿಯು ತನಗೆ ಬಂದ ವರ್ತಮಾನವನ್ನು ನಂಬದೆ, ಸಿಗ್ನಲಿನಲ್ಲಿ ನಿಂತಾಗಲೆಲ್ಲ ಕಾರನ್ನು ಬಂದುಮಾಡುತ್ತಿತ್ತು. ಎಂಜಿನ್ನನ್ನು ಕೊಳ್ಳುವಾಗ ಅದೇ ಕಾರಿನ ವೈರಿಂಗನ್ನೂ ಇಸಿಯುವನ್ನೂ, ಸಾಧ್ಯವಾದರೆ ಗೇರ್‌ಬಾಕ್ಸನ್ನೂ, ಒಟ್ಟಿಗೇ ತರಬೇಕೆಂಬುದನ್ನು ಈ ಕಸುಬಿನವರೆಲ್ಲ ಬಲ್ಲರು. ಗಿರಾಕಿಗಳಿಗೆ ಮಾತ್ರ ಅದು ಬಿಲ್ಲು ಬಂದ ಮೇಲೆ ತಿಳಿಯುತ್ತದೆ.

ಇನ್ನುಳಿದದ್ದು ಕಾಗದದ ಬೀಗತನ. ಎಂಜಿನ್ ನಂಬರು ಆರ್.ಸಿ. ಪುಸ್ತಕದಲ್ಲಿ ಬದಲಾಗಬೇಕು, ಬದಲಾಗದಿದ್ದರೆ ಕಾನೂನಿನ ಕಣ್ಣಿಗೆ ಆ ಕಾರು ಸಂಶಯಾಸ್ಪದ ವಸ್ತು. ಅಂಗಡಿಯ ಪಕ್ಕಾ ಬಿಲ್ಲು, ಎಂಜಿನ್ನು ಕಳವಿನ ಮಾಲಲ್ಲವೆಂಬುದಕ್ಕೆ ಮೂಲ ಕಾರಿನ ದಾಖಲೆಗಳ ನಕಲು, ಇವನ್ನು ಉಸ್ತಾದರು ಹಣವನ್ನು ಎಣಿಸುವ ಮೊದಲೇ ಕೈಗೆ ತೆಗೆದುಕೊಂಡಿದ್ದರು. ತಪಾಸಣೆಗೆ ಬಂದ ಇನ್‌ಸ್ಪೆಕ್ಟರರು ಬ್ಲಾಕಿನ ಮೇಲೆ ಕೆತ್ತಿದ್ದ, ಕೈಯೂ ಸಲೀಸಾಗಿ ಹೋಗದ ಸಂದಿನಲ್ಲಿದ್ದ ಆ ನಂಬರಿನ ಮೇಲೆ ತೆಳುವಾದ ಕಾಗದವನ್ನಿಟ್ಟು ಪೆನ್ಸಿಲ್ಲಿನಿಂದ ಉಜ್ಜಿಸಿ, ಮೂಡಿದ ಅಚ್ಚಿನ ಒಂದೊಂದು ಅಂಕಿಯನ್ನೂ ಬಿಲ್ಲಿನೊಡನೆ ಹೋಲಿಸಿ ನೋಡಿದರು. ಆಗ ನನಗೆ ಕಿರಿಕಿರಿಯೆನಿಸಿದ ಆ ನಿಷ್ಠುರತೆಯನ್ನು ಈಗ ಗೌರವಿಸುತ್ತೇನೆ.

ಆ ದಿನಗಳಲ್ಲಿಯೇ ಒಬ್ಬ ಹಿತೈಷಿಗಳು, ಹೇಗಿದ್ದರೂ ಎಂಜಿನ್ನನ್ನು ಬದಲಿಸುತ್ತಿರುವಾಗ ಇವಲ್ಯೂಷನ್ನಿನ ಟರ್ಬೊವನ್ನೇ ಏಕೆ ಕೂರಿಸಬಾರದೆಂದು ನನ್ನ ಕಿವಿಯಲ್ಲಿ ಊದಿದ್ದುಂಟು. ಮೈಕಟ್ಟು ಒಂದೇ ಆದರೂ ಅದರ ಶಕ್ತಿಯು ನಾಲ್ಕು ಗಾಲಿಗಳಿಗೂ ಹಂಚಿಹೋಗುವಂಥದು. ನಮ್ಮದರಲ್ಲಿ ಮುಂದಿನ ಎರಡಕ್ಕೆ ಮಾತ್ರ. ಹಿಂಬದಿಯ ಡಿಫರೆನ್ಷಿಯಲ್ಲಿಗೆ ನಮ್ಮ ಕಾರಿನ ತಳದಲ್ಲಿ ಸ್ಥಳವಿಲ್ಲ, ಬ್ರೇಕುಗಳು ಆ ವೇಗಕ್ಕೆ ಹುಟ್ಟಿದವಲ್ಲ. ಇದೆಲ್ಲವನ್ನೂ ಹಣದಿಂದ ಜಯಿಸಿದರೂ ಮೋಟಾರು ವಾಹನ ಕಾಯಿದೆಯ 52ನೆಯ ಕಲಮನ್ನು ಜಯಿಸುವಂತಿಲ್ಲ: ತಯಾರಕರು ನಮೂದಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆಂದು ಅದು ವಿಧಿಸುತ್ತದೆ, 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಖಾಸಗಿ ಕಾರಿನ ನೋಂದಣಿಯು ಹದಿನೈದು ವರ್ಷಕ್ಕೆ ಮುಗಿದು ತಪಾಸಣೆಗೆ ನಿಲ್ಲಬೇಕಾದಾಗ, ಪರಿಚಿತರೊಬ್ಬರು ತಮ್ಮ ಟರ್ಬೊ ಕಾರನ್ನು ಬಿಡಿಬಿಡಿಯಾಗಿ ಮಾರಿದರು. ನನ್ನ ಬಡ ಎಂಜಿನ್ನಿಗೆ 2016ರಲ್ಲಿ ಅಡ್ಡಿ ಬರಲಿಲ್ಲ, ಅನಂತರವೂ ಬಂದಿಲ್ಲ. 2022ರ ಏಪ್ರಿಲಿನಲ್ಲಿ ನವೀಕರಣದ ಶುಲ್ಕವು 600 ರೂಪಾಯಿಯಿಂದ 5000 ರೂಪಾಯಿಗೆ ಏರಿದುದನ್ನು ಮಾತ್ರ ಸಹಿಸಿಕೊಳ್ಳಬೇಕಾಯಿತು.

ಈಗಿನ ಕಷ್ಟಗಳು ವೃದ್ಧಾಪ್ಯದವು. ಕಡಲ ಗಾಳಿಯ ಉಪ್ಪು ಚಕ್ರದ ಮೇಲ್ಗಡೆಯ ತಗಡನ್ನು ಒಳಗಿನಿಂದ ತಿನ್ನುತ್ತದೆ. ಬಣ್ಣವು ಉಬ್ಬಿ ಹೊರಗೆ ಕಾಣುವ ಹೊತ್ತಿಗೆ ಚಿಕಿತ್ಸೆಯ ಕಾಲವು ಮೀರಿರುತ್ತದೆ. ಇಪ್ಪತ್ತು ಪ್ರತಿಶತ ಎಥನಾಲ್ ಬೆರೆತ ಪೆಟ್ರೋಲನ್ನು ಊಹಿಸಿರದ ಕಾಲದ ರಬ್ಬರಿನ ಕೊಳವೆಗಳನ್ನು, ಒಡೆದು ಬೆಂಕಿಗೆ ಆಹಾರವಾಗುವ ಮೊದಲೇ, ಬದಲಿಸಿದ್ದಾಗಿದೆ. ವಾರಕ್ಕೊಮ್ಮೆ ನಸುಕಿನಲ್ಲಿ ಈಸ್ಟರ್ನ್ ಫ್ರೀವೇಯ ಮೇಲೆ ಒಂದು ಸುತ್ತು ಓಡಿಸಿ ಎಂಜಿನ್ನನ್ನು ಪೂರ್ತಿ ಕಾಯಿಸಿ ತರುತ್ತೇನೆ. ನಿಂತ ಕಾರು ಓಡುವ ಕಾರಿಗಿಂತ ಬೇಗ ಕೆಡುತ್ತದೆ. ಬಿಡಿಭಾಗಗಳ ದುರ್ಭಿಕ್ಷದಿಂದಾಗಿ ಈ ಕಾರಿನ ಮಾಲೀಕರಾದ ನಾವು ಕೆಲವರು ಪರಸ್ಪರ ಕೊಟ್ಟು ತೆಗೆದುಕೊಳ್ಳುವ ಸಂಬಂಧಿಕರೇ ಆಗಿಬಿಟ್ಟಿದ್ದೇವೆ. ಕಳೆದ ಮಳೆಗಾಲದಲ್ಲಿ ನನ್ನಲ್ಲಿದ್ದ ಹೆಚ್ಚಿನ ಡಿಸ್ಟ್ರಿಬ್ಯೂಟರ್ ಕ್ಯಾಪನ್ನು ಮುಲುಂಡಿನ ಒಬ್ಬ ದಂತವೈದ್ಯರು ಎರವಲು ಪಡೆದರು. ಅದು ಇನ್ನೂ ಹಿಂದಿರುಗಿಲ್ಲ. ಅವರು ನನ್ನ ಹಲ್ಲನ್ನು ನೋಡುವುದಕ್ಕೆ ಹಣವನ್ನು ತೆಗೆದುಕೊಳ್ಳುವುದನ್ನು ಮಾತ್ರ ನಿಲ್ಲಿಸಿದ್ದಾರೆ.