ಹಿಂಡಿ ಎಷ್ಟು, ನುಚ್ಚು ಎಷ್ಟು?

ಸಹೋದರಿಯರೇ, ಮನೆಯಲ್ಲೇ ಪಶು ಆಹಾರ ಬೆರೆಸುವಾಗ ಹಿಂಡಿ ಹೆಚ್ಚಾದರೆ ದುಡ್ಡು ದಂಡ, ಕಡಿಮೆಯಾದರೆ ಹಾಲು ಇಳಿಯುತ್ತದೆ. ಅಂದಾಜು ಬಿಟ್ಟು ಲೆಕ್ಕ ಹಾಕೋಣ.

100 ಕೆ.ಜಿ. ಮಿಶ್ರಣದಲ್ಲಿ 20 ಕೆ.ಜಿ. ಪ್ರೋಟೀನ್ ಬೇಕು ಎನ್ನೋಣ. ಗೋಧಿ ಬೂಸಾ 20 ಕೆ.ಜಿ., ಖನಿಜ ಮಿಶ್ರಣ 2 ಕೆ.ಜಿ., ಉಪ್ಪು 1 ಕೆ.ಜಿ. ಮೊದಲೇ ತೆಗೆದಿಡಿ. ಬೂಸಾದಲ್ಲಿ ಪ್ರೋಟೀನ್ ಸುಮಾರು ಶೇ. 15, ಅಲ್ಲಿಂದ 3 ಕೆ.ಜಿ. ಸಿಕ್ಕಿತು. ಉಳಿದ 77 ಕೆ.ಜಿ.ಯಿಂದ 17 ಕೆ.ಜಿ. ಬರಬೇಕು. ಕಡಲೆಕಾಯಿ ಹಿಂಡಿಯಲ್ಲಿ ಸುಮಾರು ಶೇ. 40, ಮೆಕ್ಕೆಜೋಳದ ನುಚ್ಚಿನಲ್ಲಿ ಸುಮಾರು ಶೇ. 10 ಪ್ರೋಟೀನ್ ಇರುತ್ತದೆ.

ಗೊತ್ತಿಲ್ಲದ್ದು ಎರಡು, ಸಮೀಕರಣವೂ ಎರಡು:

ಹಿಂಡಿ + ನುಚ್ಚು = 77
0.40 × ಹಿಂಡಿ + 0.10 × ನುಚ್ಚು = 17

ಮೊದಲನೆಯದರಿಂದ, ನುಚ್ಚು = 77 − ಹಿಂಡಿ. ಎರಡನೆಯದರಲ್ಲಿ ನುಚ್ಚಿನ ಜಾಗಕ್ಕೆ ಇದನ್ನೇ ಹಾಕಿ. ಆಗ ಹುಡುಕಬೇಕಾದ್ದು ಹಿಂಡಿಯೊಂದೇ:

0.40 × ಹಿಂಡಿ + 0.10 × (77 − ಹಿಂಡಿ) = 17
0.30 × ಹಿಂಡಿ + 7.7 = 17
0.30 × ಹಿಂಡಿ = 9.3
ಹಿಂಡಿ = 31 ಕೆ.ಜಿ., ನುಚ್ಚು = 46 ಕೆ.ಜಿ.

ತಾಳೆ ನೋಡಿ: 12.4 + 4.6 = 17.

ಹತ್ತನೇ ತರಗತಿಯ ಮಕ್ಕಳು ಕಲಿಯುವ 'ಆದೇಶ ವಿಧಾನ' ಇದೇ. ಲೆಕ್ಕಕ್ಕೆ ಅವರನ್ನೂ ಜೊತೆಗೆ ಕೂರಿಸಿಕೊಳ್ಳಿ. ಬೇರೆ ಹಿಂಡಿ ತಂದರೆ 0.40ರ ಜಾಗದಲ್ಲಿ ಅದರ ಪ್ರೋಟೀನ್ ಅಂಕಿ ಹಾಕಿ ಮತ್ತೆ ಲೆಕ್ಕ ಮಾಡಿ. ಬೂಷ್ಟು ಹಿಡಿದ ಹಿಂಡಿ ಮಾತ್ರ ಎಷ್ಟೇ ಅಗ್ಗವಾದರೂ ಬೇಡ.