ಮನೆಮನೆ ಆರೋಗ್ಯ ಸಮೀಕ್ಷೆ: ಮೊಬೈಲಿಗೆ ತುಂಬುವ ಮುನ್ನ

ಕಾಡಂಚಿನ ಒಂದು ಹಾಡಿಯ ಬಿಪಿ ದಾಖಲೆ ನೋಡುತ್ತಿದ್ದೆ. ಮೇಲಿಂದ ಕೆಳಗೆ ಸಾಲುಸಾಲಾಗಿ 120/80. ಅಳೆಯದೆ, ರಾತ್ರಿ ಮನೆಯಲ್ಲಿ ಕುಳಿತು ತುಂಬಿದ ಅಂಕಿ ಅದು. ಆಶಾ ಕಾರ್ಯಕರ್ತೆಯರನ್ನು ಬೈದು ಫಲವಿಲ್ಲ. ನೆಟ್‌ವರ್ಕ್ ಸಿಗದ ಕಡೆಯೂ ದಿನಕ್ಕಿಷ್ಟು ಎಂಟ್ರಿ ಆಗಲೇಬೇಕೆಂದು ಒತ್ತಾಯಿಸಿದರೆ ಹೀಗೇ ಆಗುವುದು. ಆದರೆ ಆ ಸಾಲಿನಲ್ಲಿ 170/100 ಇದ್ದ ಒಬ್ಬ ಅಜ್ಜಿಯಿದ್ದರೆ ಅವರಿಗೆ ಮಾತ್ರೆ ತಲುಪುವುದೇ ಇಲ್ಲ.

ಬಿಪಿ, ಸಕ್ಕರೆ ಕಾಯಿಲೆಗಳಂಥವುಗಳ ಅಪಾಯ ಗುರುತಿಸಲು 30 ಮತ್ತು ಮೇಲ್ಪಟ್ಟವರಿಗೆ ತುಂಬುವ ಸಿಬ್ಯಾಕ್ ನಮೂನೆಯನ್ನೇ ತೆಗೆದುಕೊಳ್ಳಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಆಪ್‌ಗೆ ಲಾಗಿನ್ ಆಗಿ ಊರಿನ ಪಟ್ಟಿ ಇಳಿಸಿಕೊಂಡು ಹೊರಡಿ. ಬಿಪಿ ಮೆಷಿನ್‌ಗೆ ಹೊಸ ಸೆಲ್ ಇರಲಿ.

ಮನೆಯೊಳಗೆ ಕಾಲಿಟ್ಟ ಕೂಡಲೇ ಮೊಬೈಲ್ ತೆಗೆಯಬೇಡಿ. ಯಾಕೆ ಬಂದಿರಿ, ಬರೆದುಕೊಂಡದ್ದನ್ನು ಯಾರು ನೋಡುತ್ತಾರೆ ಎಂದು ಹೇಳಿ ಒಪ್ಪಿಗೆ ಕೇಳಿ. ಆರೋಗ್ಯ ಖಾತೆಯ ಆಭಾ ಸಂಖ್ಯೆ ಬೇಡವೆಂದರೆ ಬಲವಂತ ಬೇಡ, ಅದು ಕಡ್ಡಾಯವಲ್ಲ. ಹೊಗೆಸೊಪ್ಪು, ಕುಡಿತದ ಪ್ರಶ್ನೆಗಳನ್ನು ಅತ್ತೆಯ ಎದುರು ಸೊಸೆಗೆ ಕೇಳಬೇಡಿ. ಹೊಸ ಹೆಸರು ಸೇರಿಸುವ ಮೊದಲು ಪಟ್ಟಿಯಲ್ಲಿ ಹುಡುಕಿ. ಒಬ್ಬರೇ ಮಾದಮ್ಮ ಎಂದೊಮ್ಮೆ, ಮಾದೇವಮ್ಮ ಎಂದೊಮ್ಮೆ ಸೇರಿರುತ್ತಾರೆ.

ಇನ್ನು ಬಿಪಿ. ಇಲ್ಲಿ ಅವಸರ ಮಾಡಬೇಡಿ. ಹೊಲದಿಂದ ಬಂದವರನ್ನು ಐದು ನಿಮಿಷ ಸುಮ್ಮನೆ ಕೂರಿಸಿ. ಬೆನ್ನಿಗೆ ಆಸರೆ ಇರಲಿ, ಪಾದ ನೆಲಕ್ಕೆ ಊರಿರಲಿ. ಕುರ್ಚಿ ಇಲ್ಲದಿದ್ದರೆ ಜಗಲಿಯ ಅಂಚೇ ಸಾಕು. ತೋಳು ಎದೆಯ ಮಟ್ಟಕ್ಕೆ ಬರುವಂತೆ ಕೈಯನ್ನು ಅಕ್ಕಿ ಡಬ್ಬದ ಮೇಲೋ ಮಡಚಿದ ಕಂಬಳಿಯ ಮೇಲೋ ಇರಿಸಿ; ಕೈ ಜೋತುಬಿದ್ದರೆ ಅಂಕಿ ಏರುತ್ತದೆ. ರವಿಕೆಯ ತೋಳಿನ ಮೇಲೆ ಪಟ್ಟಿ ಸುತ್ತಬೇಡಿ. ಅರ್ಧ ಗಂಟೆಯೊಳಗೆ ಟೀ ಕುಡಿದಿದ್ದರೆ, ಹೊಗೆಸೊಪ್ಪು ಹಾಕಿದ್ದರೆ, ಪಕ್ಕದ ಮನೆ ಮುಗಿಸಿಕೊಂಡು ಬನ್ನಿ. ಮೆಷಿನ್ ಓಡುವಾಗ ಮುಂದಿನ ಪ್ರಶ್ನೆ ಕೇಳಬೇಡಿ. ಸಮಯ ಉಳಿಸಲೆಂದು ಎಲ್ಲರೂ ಮಾಡುವ ತಪ್ಪಿದು. ಮಾತಾಡಿದರೂ ಬಿಪಿ ಏರುತ್ತದೆ. ಒಂದೆರಡು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ. 143 ಬಂದರೆ 143 ಎಂದೇ ಬರೆಯಿರಿ, 140 ಮಾಡಬೇಡಿ. ಮೆಷಿನ್ ಕೆಟ್ಟಿದ್ದರೆ ಅಳೆದಿಲ್ಲ ಎಂದಿರಲಿ. ಖಾಲಿ ಬಿಡಲು ಆಪ್ ಒಪ್ಪದಿದ್ದರೆ ನಮೂನೆಯನ್ನು ಅಲ್ಲಿಗೇ ನಿಲ್ಲಿಸಿ, ವೈದ್ಯಾಧಿಕಾರಿಗೆ ತಿಳಿಸಿ. ಊಹಿಸಿ ತುಂಬಿದ ಅಂಕಿಗಿಂತ ಖಾಲಿ ಜಾಗವೇ ವಾಸಿ.

ಸೊಂಟದ ಅಳತೆ ಸೀರೆಯ ನೆರಿಗೆಯ ಮೇಲೆ ಬೇಡ. ಹೆಂಗಸರಿಗೆ 80, ಗಂಡಸರಿಗೆ 90 ಸೆಂ.ಮೀ. ದಾಟಿದರೆ ಅಂಕ ಸೇರುತ್ತದೆ. ಒಟ್ಟು ಅಂಕ 4 ದಾಟಿದವರನ್ನು ತಪಾಸಣೆಗೆ ಮೊದಲು ಕರೆಯಿರಿ.

ನೆಟ್‌ವರ್ಕ್ ಸಿಕ್ಕ ಕಡೆ ಸಿಂಕ್ ಮಾಡಿ. ಅದಕ್ಕೆ ಮುಂಚೆ ಲಾಗೌಟ್ ಬೇಡ. ನಮೂನೆಯ ಫೋಟೊ ವಾಟ್ಸಾಪ್ ಗುಂಪಿಗೆ ಹಾಕಬೇಡಿ. 140/90 ಅಥವಾ ಅದಕ್ಕಿಂತ ಹೆಚ್ಚು ಇದ್ದವರಿಗೆ ಆಸ್ಪತ್ರೆಗೆ ಬರುವ ದಿನ ಬರೆದ ಚೀಟಿ ಕೊಡಿ. 180/110 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅಂದೇ ಕಳಿಸಿ.